ಮಾಸ್ಟರ್ಸ್ ಅರ್ಧಕ್ಕೆ ಬಿಟ್ಟು ಮೆಡಿಕಲ್ ಸೇರಬಹುದಾ? ಅಮೆರಿಕದ ಕನ್ನಡ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್, ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜ್‌ಗಳು ಶುರುವಾಗುತ್ತವೆ. "ಅಕ್ಕಾ, ಮೆಡಿಕಲ್ ಸ್ಕೂಲಲ್ಲಿ ಸೀಟು ಸಿಕ್ತು. ಆದ್ರೆ ಮಾಸ್ಟರ್ಸ್ ಇನ್ನೂ ಮುಗಿದಿಲ್ಲ. ಬಿಟ್ಟುಬಿಡ್ಲಾ?" ಕನ್ನಡ ಕೂಟದ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದರೂ ಯಾರದ್ದೋ ಅಮ್ಮ ಮೆಲ್ಲಗೆ ಪಕ್ಕಕ್ಕೆ ಕರೆದು ಇದನ್ನೇ ಕೇಳುತ್ತಾರೆ. ನಾನು ಮಾಸ್ಟರ್ಸ್ ಮುಗಿಸದೆ ಮೆಡಿಕಲ್ ಸೇರಿದವಳು, ಅದಕ್ಕೇ ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದು ಅಮೆರಿಕದ ಲೆಕ್ಕ. ಊರಿನ ಎಂಬಿಬಿಎಸ್‌ಗೆ ಇದು ಹೊಂದುವುದಿಲ್ಲ.

ನೇರವಾಗಿ ಹೇಳಿ, ಮಾಸ್ಟರ್ಸ್ ಮುಗಿಸದೆ ಮೆಡಿಕಲ್ ಸೇರೋಕೆ ಆಗುತ್ತಾ?

ಕೆಲವು ಕಡೆ ಆಗುತ್ತದೆ, ಕೆಲವು ಕಡೆ ಖಂಡಿತ ಆಗುವುದಿಲ್ಲ. ಎಂಡಿ (ಇಲ್ಲಿ ಡಾಕ್ಟರ್ ಆಗುವ ಮೊದಲ ಡಿಗ್ರಿ, ಊರಿನ ಎಂಬಿಬಿಎಸ್ ಇದ್ದ ಹಾಗೆ) ಸೇರುವುದಕ್ಕೆ ಮಾಸ್ಟರ್ಸ್ ಬೇಕು ಅಂತ ಯಾರೂ ಕೇಳುವುದಿಲ್ಲ. ನಾಲ್ಕು ವರ್ಷದ ಬ್ಯಾಚುಲರ್ಸ್, ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಅಂಕ, ಶಿಫಾರಸು ಪತ್ರಗಳು, ಇಂಟರ್‌ವ್ಯೂ, ಇಷ್ಟಿದ್ದರೆ ಸಾಕು. ಆದರೆ ನೀವು ಆಗಲೇ ಒಂದು ಮಾಸ್ಟರ್ಸ್‌ಗೋ ಪಿಎಚ್‌ಡಿಗೋ ಸೇರಿದ್ದರೆ ಮಾತು ಬೇರೆ. "ಈಗ ಓದುತ್ತಿರುವ ಡಿಗ್ರಿಯ ಎಲ್ಲ ಕೆಲಸ ಮುಗಿಸಿಯೇ ಇಲ್ಲಿ ತರಗತಿಗೆ ಬರಬೇಕು" ಅಂತ ಎಷ್ಟೋ ಮೆಡಿಕಲ್ ಸ್ಕೂಲ್‌ಗಳು ನಿಯಮದಲ್ಲೇ ಬರೆದಿರುತ್ತವೆ.

ಅಂದರೆ ಬೇಡದ ಡಿಗ್ರಿಯೇ ಆದರೂ, ಶುರು ಮಾಡಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ.

ಬೇಕೇ ಇಲ್ಲದ ಡಿಗ್ರಿ ಮುಗಿಸು ಅಂತ ಅವರಿಗೆ ಯಾಕೆ ಹಠ?

ಅವರ ಕುರ್ಚಿಯಲ್ಲಿ ಕೂತು ನೋಡಿ. ಅರ್ಜಿಯಲ್ಲಿ ನೀವು "ಮೇ ತಿಂಗಳಲ್ಲಿ ಮಾಸ್ಟರ್ಸ್ ಮುಗಿಯುತ್ತದೆ" ಅಂತ ಬರೆದಿದ್ದೀರಿ. ಲ್ಯಾಬಿನ ಕೆಲಸದ ಬಗ್ಗೆ ಪ್ರಬಂಧ ಬರೆದಿದ್ದೀರಿ. ನಿಮ್ಮ ಅಡ್ವೈಸರ್ (ಮಾಸ್ಟರ್ಸ್‌ನ ಗೈಡ್) ಒಂದು ಪತ್ರ ಕೊಟ್ಟಿದ್ದಾರೆ. ಇಂಟರ್‌ವ್ಯೂನಲ್ಲಿ ಹದಿನೈದು ನಿಮಿಷ ಅದನ್ನೇ ಮಾತಾಡಿದ್ದೀರಿ. ಅದೆಲ್ಲ ಸೇರಿಸಿಯೇ ಸೀಟು ಕೊಟ್ಟಿದ್ದಾರೆ. ಸೀಟು ಸಿಕ್ಕ ಮಾರನೇ ದಿನ "ಅದನ್ನ ಬಿಟ್ಟೆ" ಅಂದರೆ ಅವರಿಗೆ ಹೇಗನ್ನಿಸಬೇಕು?

ಇನ್ನೊಂದು ಕಾರಣ ಬಾಯಿಬಿಟ್ಟು ಹೇಳುವುದಿಲ್ಲ. ಮಾಸ್ಟರ್ಸ್ ಕೊಡುವ ವಿಭಾಗ ಎಷ್ಟೋ ಸಲ ಅದೇ ವಿಶ್ವವಿದ್ಯಾಲಯದ್ದು, ಅಥವಾ ಪಕ್ಕದ ಊರಿನದು. ಮೆಡಿಕಲ್ ಸ್ಕೂಲ್ ಪ್ರತಿ ವರ್ಷ ಅಲ್ಲಿಂದ ನಾಲ್ಕು ಜನರನ್ನು ಅರ್ಧದಲ್ಲಿ ಎಳೆದುಕೊಂಡರೆ ಆ ವಿಭಾಗದವರು ಸುಮ್ನೆ ಇರುತ್ತಾರಾ?

ನನಗೆ ಈ ನಿಯಮ ನ್ಯಾಯ ಅಂತಲೇ ಅನ್ನಿಸುತ್ತದೆ, ನಾನೇ ಅದರ ಹೊರಗೆ ನುಸುಳಿಕೊಂಡು ಬಂದವಳಾದರೂ.

ನಾನು ಸೇರುವ ಸ್ಕೂಲಿನ ನಿಯಮ ಎಲ್ಲಿ ಸಿಗುತ್ತದೆ?

ಮೂರು ಕಡೆ ನೋಡಿ. ಮೊದಲು ಅಡ್ಮಿಷನ್ ನಿಯಮಗಳ ಪುಟ. ಎರಡನೇದು, ಸೀಟು ಕೊಟ್ಟಾಗ ಬಂದ ಪತ್ರ. ಖುಷಿಯಲ್ಲಿ ಎಲ್ಲರೂ ಮೊದಲ ಸಾಲು ಓದಿ ಫೋನ್ ಮಾಡುವುದಕ್ಕೆ ಓಡುತ್ತಾರೆ. ಷರತ್ತುಗಳು ಇರುವುದು ಕೆಳಗೆ, ಅಥವಾ ಜೊತೆಗಿರುವ ಇನ್ನೊಂದು ಕಾಗದದಲ್ಲಿ. ಮೂರನೇದು, ಆ ಸ್ಕೂಲಿಗೆಂದೇ ನೀವು ಪ್ರತ್ಯೇಕವಾಗಿ ತುಂಬಿ ಕಳಿಸಿದ ಎರಡನೇ ಅರ್ಜಿ. "ಓದುತ್ತಿರುವ ಡಿಗ್ರಿ ಮುಗಿಸುತ್ತೇನೆ" ಅನ್ನುವ ಸಾಲಿಗೆ ಒಂದು ಟಿಕ್ ಹಾಕಿರುತ್ತೀರಿ, ಮರೆತಿರುತ್ತೀರಿ.

ಮೂರರಲ್ಲೂ ಏನೂ ಸಿಗದಿದ್ದರೆ "ನಿಯಮ ಇಲ್ಲ" ಅಂದುಕೊಳ್ಳಬೇಡಿ. ಅಡ್ಮಿಷನ್ ಆಫೀಸಿಗೆ ಇಮೇಲ್ ಬರೆಯಿರಿ. ಫೋನಲ್ಲಿ ಯಾರೋ ಒಳ್ಳೆಯವರು "ಪರವಾಗಿಲ್ಲ ಬಿಡಿ" ಅಂದರೆ ಅದನ್ನು ನಂಬಿಕೊಂಡು ಲ್ಯಾಬ್ ಬಿಡಬೇಡಿ. ಜುಲೈನಲ್ಲಿ ಫೈಲ್ ನೋಡುವವರು ಬೇರೆ ಯಾರೋ ಆಗಿರುತ್ತಾರೆ. ಉತ್ತರ ಬರಹದಲ್ಲಿ ಇರಬೇಕು.

ಇಮೇಲ್‌ನಲ್ಲಿ ಏನು ಬರೆಯಲಿ?

ಚಿಕ್ಕದಾಗಿ ಬರೆಯಿರಿ. ಯಾವ ಡಿಗ್ರಿ, ಎಷ್ಟು ಕ್ರೆಡಿಟ್ ಮುಗಿದಿದೆ, ಏನು ಬಾಕಿ ಇದೆ, ಅದು ಯಾಕೆ ಮೇ ಒಳಗೆ ಆಗುತ್ತಿಲ್ಲ. ಆಮೇಲೆ ಒಂದೇ ಪ್ರಶ್ನೆ: "ಇದು ನನ್ನ ಸೀಟಿಗೆ ತೊಂದರೆ ಆಗುತ್ತದೆಯೇ, ಆಗುವುದಾದರೆ ನಾನು ಏನು ಮಾಡಬೇಕು?" ಎರಡು ಪ್ಯಾರಾ ಕ್ಷಮೆ ಕೇಳುವುದು, ಬಾಲ್ಯದಿಂದ ಡಾಕ್ಟರ್ ಆಗುವ ಕನಸಿತ್ತು ಅನ್ನುವುದು, ಇದೆಲ್ಲ ಬೇಡ. ಅದನ್ನು ಅರ್ಜಿಯಲ್ಲಿ ಆಗಲೇ ಓದಿದ್ದಾರೆ.

ಕೇಳಿದರೆ ಸೀಟೇ ಹೋಗುತ್ತೇನೋ ಅಂತ ಭಯ. ಸುಮ್ಮನಿದ್ದರೆ ಆಗಲ್ವಾ?

ಈ ಭಯ ನನಗೆ ಚೆನ್ನಾಗಿ ಗೊತ್ತು. ನನ್ನದು ಎರಡು ವರ್ಷದ ಮಾಸ್ಟರ್ಸ್, ಥೀಸಿಸ್ ಬರೆಯಲೇಬೇಕಾದದ್ದು. ಫೆಬ್ರವರಿಯಲ್ಲಿ ಸೀಟು ಬಂತು. ಅದೇ ತಿಂಗಳು ನನ್ನ ಇಲಿಗಳ ಒಂದು ಗುಂಪು ಹಾಳಾಯಿತು. ತಪ್ಪು ತಳಿ ಬೆರೆತಿತ್ತು, ಮತ್ತೆ ಮೊದಲಿಂದ ಬೆಳೆಸಬೇಕಿತ್ತು. ಮೇ ಒಳಗೆ ಥೀಸಿಸ್ ಆಗುವ ಮಾತೇ ಇಲ್ಲ ಅಂತ ಮಾರ್ಚ್ ಮೊದಲ ವಾರವೇ ನನಗೆ ಗೊತ್ತಾಗಿತ್ತು. ಆದರೂ ಐದು ವಾರ ಯಾರಿಗೂ ಹೇಳಲಿಲ್ಲ. ರಾತ್ರಿ ಇಮೇಲ್ ಬರೆಯುವುದು, ಬೆಳಗ್ಗೆ ಅಳಿಸುವುದು. ಊಟ ಸೇರುತ್ತಿರಲಿಲ್ಲ. ಅಮ್ಮ "ಸೀಟು ಸಿಕ್ಕಿದ ಮೇಲೂ ಯಾಕೆ ಹೀಗೆ ಸೊರಗಿದ್ದೀಯ" ಅಂತ ಕೇಳಿದಾಗ ಬಾಯಿ ಬಿಟ್ಟೆ.

ಏಪ್ರಿಲ್‌ನಲ್ಲಿ ಕೊನೆಗೂ ಕಳಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ಅಡ್ವೈಸರ್‌ರಿಂದ ಒಂದು ಪತ್ರ ತರಿಸಿ, ಕ್ಲಾಸ್‌ಗಳೆಲ್ಲ ಒಳ್ಳೆಯ ಅಂಕದಲ್ಲಿ ಮುಗಿದಿವೆ ಅಂತ ತೋರಿಸಿ, ಸಾಕು. ಐದು ವಾರದ ನಿದ್ದೆಗೆಟ್ಟದ್ದು ದಂಡ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ನನ್ನ ಜೊತೆಯ ಹುಡುಗನೊಬ್ಬ ಬೇರೆ ಸ್ಕೂಲಿಗೆ ಸೇರುವವನಿದ್ದ. ಅವನ ಪತ್ರದಲ್ಲಿ ಷರತ್ತು ಸ್ಪಷ್ಟವಾಗಿತ್ತು. ಅವನು ಸುಮ್ಮನಿದ್ದ. ಜುಲೈನಲ್ಲಿ ಕೊನೆಯ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಹೋಯಿತು, ಅದರಲ್ಲಿ ಡಿಗ್ರಿ ಕೊಟ್ಟ ದಿನಾಂಕ ಇರಬೇಕಾದ ಜಾಗ ಖಾಲಿ. ಆ ವರ್ಷ ಅವನು ತರಗತಿಗೆ ಹೋಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಏಪ್ರಿಲ್‌ನಲ್ಲಿ ಕೇಳಿದ್ದರೆ ಒಂದು ವರ್ಷ ಮುಂದಕ್ಕೆ ಹಾಕಿಸಿಕೊಳ್ಳುವ ದಾರಿಯಾದರೂ ಇರುತ್ತಿತ್ತು.

ನಾನು ನೋಡಿದ ಮಟ್ಟಿಗೆ ಡಿಗ್ರಿ ಬಿಟ್ಟಿದ್ದಕ್ಕಿಂತ ಹೇಳದೆ ಬಿಟ್ಟಿದ್ದಕ್ಕೇ ಜಾಸ್ತಿ ಪೆಟ್ಟು ಬೀಳುತ್ತದೆ.

ಯಾವಾಗ ಹೇಳಬೇಕು? ಏಪ್ರಿಲ್ 30ಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಒಂದಕ್ಕಿಂತ ಜಾಸ್ತಿ ಸೀಟು ಸಿಕ್ಕವರು ಏಪ್ರಿಲ್ 30ರ ಹೊತ್ತಿಗೆ ಒಂದನ್ನೇ ಉಳಿಸಿಕೊಂಡು ಉಳಿದವನ್ನು ಬಿಡಬೇಕು ಅನ್ನುವುದು ಎಎಎಂಸಿಯ (ಮೆಡಿಕಲ್ ಸ್ಕೂಲ್‌ಗಳ ಒಕ್ಕೂಟದ) ಪದ್ಧತಿ. ಎರಡು ಸೀಟು ಕೈಯಲ್ಲಿದ್ದು, ಒಂದು ಸ್ಕೂಲು ಡಿಗ್ರಿ ಮುಗಿಸಲೇಬೇಕು ಅನ್ನುತ್ತದೆ, ಇನ್ನೊಂದು ಕೇಳುವುದಿಲ್ಲ ಅಂತಿದ್ದರೆ, ಇದನ್ನು ಏಪ್ರಿಲ್ 30ಕ್ಕೆ ಮೊದಲೇ ತಿಳಿದುಕೊಂಡಿರಬೇಕು ಅಲ್ವಾ? ಮೇನಲ್ಲಿ ಗೊತ್ತಾದರೆ ಬೇಕಾದ ಸೀಟನ್ನು ಆಗಲೇ ಬಿಟ್ಟಾಗಿರುತ್ತದೆ. ತರಗತಿಗಳು ಜುಲೈ, ಆಗಸ್ಟ್‌ಗೆ ಶುರು. ಹಾಗಾಗಿ ಮಾರ್ಚ್‌ನಲ್ಲೇ ಕೇಳಿ.

ಒಂದೇ ಸೆಮಿಸ್ಟರ್ ಓದಿ ಬಿಟ್ಟಿದ್ದೆ. ಮೆಡಿಕಲ್ ಅರ್ಜಿಯಲ್ಲಿ ಅದನ್ನು ಬರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಬರೆಯಲೇಬೇಕು. ಆಮ್‌ಕ್ಯಾಸ್ (ಬಹಳಷ್ಟು ಮೆಡಿಕಲ್ ಸ್ಕೂಲ್‌ಗಳಿಗೆ ಒಟ್ಟಿಗೆ ಅರ್ಜಿ ಹಾಕುವ ವ್ಯವಸ್ಥೆ) ಅರ್ಜಿಯಲ್ಲಿ ಹೈಸ್ಕೂಲ್ ನಂತರ ಒಂದೇ ಒಂದು ಕೋರ್ಸಿಗೆ ಹೆಸರು ಹಚ್ಚಿದ ಕಾಲೇಜನ್ನೂ ನಮೂದಿಸಬೇಕು. ಕ್ರೆಡಿಟ್ ಸಿಗಲಿ, ಬಿಡಲಿ, ಮಧ್ಯದಲ್ಲಿ ಹೊರಗೆ ಬಂದಿರಲಿ, ಎಲ್ಲವೂ ಬರಬೇಕು. ನಾಲ್ಕು ವಾರ ಹೋಗಿ ಬಿಟ್ಟರೂ ಅಷ್ಟೇ. ಮುಚ್ಚಿಟ್ಟದ್ದು ಹೊರಬಿದ್ದರೆ ಆಮ್‌ಕ್ಯಾಸ್ ತನಿಖೆ ಮಾಡಿ ಅದರ ವರದಿಯನ್ನು ಸ್ಕೂಲ್‌ಗಳಿಗೆ ಕಳಿಸುತ್ತದೆ. ಒಂದು ಸೆಮಿಸ್ಟರ್ ಬಿಟ್ಟದ್ದನ್ನು ಎರಡು ಸಾಲಲ್ಲಿ ವಿವರಿಸಬಹುದು. ಸುಳ್ಳನ್ನು ವಿವರಿಸುವುದಕ್ಕೆ ಆಗುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅರ್ಜಿಯಲ್ಲಿ ಕಾಲೇಜಿನವರು ನಿಮ್ಮ ಮೇಲೆ ಕ್ರಮ ತೆಗೆದುಕೊಂಡಿದ್ದಾರಾ ಅಂತ ಒಂದು ಪ್ರಶ್ನೆ ಇರುತ್ತದೆ. ನೀವಾಗಿಯೇ, ಒಳ್ಳೆಯ ಅಂಕ ಇರುವಾಗ ಬಿಟ್ಟರೆ ಅದು ಕ್ರಮ ಅಲ್ಲ. ಅಂಕ ಕಡಿಮೆಯಾಗಿ ಅವರೇ ಕಳಿಸಿದರೆ ಅದು ಕ್ರಮ, ಹೇಳಬೇಕು. ಇವೆರಡರ ನಡುವೆ ಇರುವವರು, ಅಂದರೆ "ನೀನಾಗಿಯೇ ಬಿಟ್ಟುಬಿಡು, ಇಲ್ಲದಿದ್ದರೆ ನಾವೇ ತೆಗೆಯುತ್ತೇವೆ" ಅನ್ನಿಸಿಕೊಂಡವರು, ತಮ್ಮ ದಾಖಲೆಯಲ್ಲಿ ಏನು ಬರೆದಿದೆ ಅಂತ ರಿಜಿಸ್ಟ್ರಾರ್ ಆಫೀಸಲ್ಲಿ ಕೇಳಿ ತಿಳಿದುಕೊಂಡೇ ಉತ್ತರಿಸಿ.

ನನ್ನದು ಒಂದು ವರ್ಷದ ಸ್ಪೆಷಲ್ ಮಾಸ್ಟರ್ಸ್. ಅದನ್ನು ಬಿಡಬಹುದಾ?

ಬೇಡ. ದಯವಿಟ್ಟು ಬೇಡ. ಬ್ಯಾಚುಲರ್ಸ್‌ನಲ್ಲಿ ಅಂಕ ಕಡಿಮೆಯಿದ್ದವರು ಮೆಡಿಕಲ್‌ನ ಮೊದಲ ವರ್ಷದಂಥದೇ ಪಾಠಗಳನ್ನು ಓದಿ "ನನ್ನ ಕೈಲಾಗುತ್ತದೆ" ಅಂತ ತೋರಿಸುವುದಕ್ಕೇ ಈ ಕೋರ್ಸ್ ಇರುವುದು. ಅದನ್ನೇ ಅರ್ಧಕ್ಕೆ ಬಿಟ್ಟರೆ ತೋರಿಸಿದ್ದೇನು? ಹೇಗೂ ಹತ್ತು ತಿಂಗಳಿನ ಮಾತು. ಹಲ್ಲು ಕಚ್ಚಿ ಮುಗಿಸಿ.

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಓದುತ್ತಿದ್ದೇನೆ. ಒಂದು ವರ್ಷ ಬಾಕಿ ಇದೆ.

ಇದಕ್ಕೆ ದಾರಿಗಳು ಜಾಸ್ತಿ. ಬಹಳ ಕಡೆ ಎಂಡಿ ಮತ್ತು ಎಂಪಿಎಚ್ ಜೊತೆಗೇ ಓದುವ ವ್ಯವಸ್ಥೆ ಇದೆ. ಮೆಡಿಕಲ್‌ನ ಮೂರನೇ ನಾಲ್ಕನೇ ವರ್ಷದ ನಡುವೆ ಒಂದು ವರ್ಷ ಬಿಡುವು ತೆಗೆದುಕೊಂಡು ಮುಗಿಸುವವರೂ ಇದ್ದಾರೆ. ಹಳೆಯ ಕ್ರೆಡಿಟ್ ಎಷ್ಟು ಒಪ್ಪುತ್ತಾರೆ, ಡಿಗ್ರಿ ಮುಗಿಸುವುದಕ್ಕೆ ಎಷ್ಟು ವರ್ಷದ ಗಡುವು ಇದೆ, ಎರಡನ್ನೂ ಮೊದಲೇ ಕೇಳಿ. ಮಾಸ್ಟರ್ಸ್‌ಗಳಿಗೆ ಐದು, ಆರು, ಏಳು ವರ್ಷದ ಗಡುವು ಇಡುವುದು ಸಾಮಾನ್ಯ. ಗಡುವು ದಾಟಿದರೆ ಹಳೆಯ ಕ್ರೆಡಿಟ್ ಹಳಸಿದ ಅನ್ನದ ಹಾಗೆ.

ಬಿಡುವುದು, ಮುಗಿಸುವುದು, ಈ ಎರಡೇ ದಾರಿನಾ?

ಅಲ್ಲ. ಎಲ್ಲರೂ ಮರೆಯುವುದು ಇಲ್ಲೇ.

ಥೀಸಿಸ್ ಇರುವ ಮಾಸ್ಟರ್ಸ್‌ನಿಂದ ಥೀಸಿಸ್ ಇಲ್ಲದ ಮಾಸ್ಟರ್ಸ್‌ಗೆ ಬದಲಾಯಿಸಿಕೊಳ್ಳಲು ಎಷ್ಟೋ ವಿಭಾಗಗಳು ಬಿಡುತ್ತವೆ. ಸಾಮಾನ್ಯವಾಗಿ 30 ಕ್ರೆಡಿಟ್‌ನ ಡಿಗ್ರಿಯಲ್ಲಿ ಥೀಸಿಸ್‌ನ ಕ್ರೆಡಿಟ್‌ಗಳ ಬದಲು ಒಂದೆರಡು ಕ್ಲಾಸು, ಇಲ್ಲವೇ ಒಂದು ಪರೀಕ್ಷೆ, ಇಲ್ಲವೇ ಒಂದು ದೊಡ್ಡ ವರದಿ ಬರೆಯಿಸುತ್ತಾರೆ. ಬೇಸಿಗೆಯಲ್ಲೇ ಮುಗಿಯುತ್ತದೆ. ನನ್ನ ವಿಭಾಗದಲ್ಲೂ ಈ ದಾರಿ ಇತ್ತಂತೆ. ಎರಡು ವರ್ಷ ಆದಮೇಲೆ ಗೊತ್ತಾಯಿತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಎರಡನೇದು, ಎಲ್ಲ ಪ್ರಯೋಗ ಮುಗಿದು ಬರೆಯುವುದಷ್ಟೇ ಬಾಕಿ ಇದ್ದರೆ, ಬರೆದು ಆಮೇಲೆ ಡಿಫೆಂಡ್ ಮಾಡುವುದು (ಸಮಿತಿಯ ಮುಂದೆ ಸಮರ್ಥಿಸುವುದು). "ಮೆಡಿಕಲ್ ಮೊದಲ ವರ್ಷದ ಡಿಸೆಂಬರ್ ರಜೆಯಲ್ಲಿ ಬರೆಯುತ್ತೇನೆ" ಅಂತ ಹೇಳುವವರನ್ನು ಬಹಳ ನೋಡಿದ್ದೇನೆ, ಬರೆದವರನ್ನು ಒಬ್ಬಿಬ್ಬರನ್ನು ನೋಡಿರಬಹುದು. ಅನಾಟಮಿ ಶುರುವಾದ ಮೇಲೆ ಬಟ್ಟೆ ಒಗೆಯುವುದಕ್ಕೇ ಪುರುಸೊತ್ತು ಇರುವುದಿಲ್ಲ. ಎರಡು ದೋಣಿ ಮೇಲೆ ಕಾಲಿಡುವ ಕೆಲಸ ಅದು.

ಮೂರನೇದು, ಮೆಡಿಕಲ್ ಸೀಟನ್ನೇ ಒಂದು ವರ್ಷ ಮುಂದಕ್ಕೆ ಹಾಕಿಸಿಕೊಳ್ಳುವುದು. ಡಿಗ್ರಿ ಮುಗಿಸುವುದು ಇದಕ್ಕೆ ಒಪ್ಪುವಂಥ ಕಾರಣವೇ. ಆದರೆ ಇದು ಹಕ್ಕಲ್ಲ. ಬೇಗ ಕೇಳಿದರೆ ಸಿಗಬಹುದು, ಜುಲೈನಲ್ಲಿ ಕೇಳಿದರೆ ಕಷ್ಟ.

ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ಮೆಡಿಕಲ್ ಸಿಕ್ಕಿದೆ.

ಇದೊಂದು ಬೇರೆಯೇ ಊರು. ಮಾಸ್ಟರ್ಸ್ ಆದರೆ ಕೆಲವು ತಿಂಗಳು ಬಾಕಿ, ಪಿಎಚ್‌ಡಿ ಆದರೆ ಇನ್ನೂ ಮೂರು ವರ್ಷ ಬಾಕಿ. ಹಾಗಾಗಿ "ಮುಗಿಸಿ ಬಾ" ಅನ್ನುವ ಸ್ಕೂಲಿಗೆ ನೀವು ಈ ವರ್ಷ ಅರ್ಜಿ ಹಾಕಿದ್ದೇ ತಪ್ಪಾಗುತ್ತದೆ. ಪಿಎಚ್‌ಡಿಯಲ್ಲಿ ಇರುವವರು ಅರ್ಜಿ ಹಾಕುವ ಮೊದಲೇ ಪ್ರತಿ ಸ್ಕೂಲಿನ ನಿಯಮ ನೋಡಬೇಕು.

ಬಿಡುವುದೇ ಆದರೆ ಬರಿಗೈಯಲ್ಲಿ ಬಿಡಬೇಡಿ. ಕ್ಲಾಸ್‌ಗಳು ಮುಗಿದು ಅರ್ಹತಾ ಪರೀಕ್ಷೆ ದಾಟಿದ್ದರೆ ಬಹಳ ವಿಭಾಗಗಳು ಮಾಸ್ಟರ್ಸ್ ಕೊಟ್ಟು ಕಳಿಸುತ್ತವೆ. ಲ್ಯಾಬ್‌ನವರ ಬಾಯಲ್ಲಿ ಇದು "ಮಾಸ್ಟರ್ ಔಟ್". ಇದು ತಾನಾಗಿಯೇ ಸಿಗುವುದಿಲ್ಲ, ಅರ್ಜಿ ಹಾಕಬೇಕು, ಅದಕ್ಕೂ ಸೆಮಿಸ್ಟರ್‌ನ ಒಂದು ಕೊನೆಯ ದಿನ ಇರುತ್ತದೆ. ಆಗ ನಿಮ್ಮ ಕಾಗದದಲ್ಲಿ ಅರ್ಧಕ್ಕೆ ಬಿಟ್ಟ ಪಿಎಚ್‌ಡಿಯ ಜೊತೆಗೆ ಮುಗಿದ ಮಾಸ್ಟರ್ಸ್ ಒಂದು ಕೂರುತ್ತದೆ.

ಎರಡೂ ಬೇಕು ಅನ್ನುವವರಿಗೆ ಎಂಡಿ-ಪಿಎಚ್‌ಡಿ ಇದೆ. ಎನ್‌ಐಎಚ್ (ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) 1964ರಿಂದ ಇದಕ್ಕೆ ದುಡ್ಡು ಕೊಡುತ್ತಾ ಬಂದಿದೆ. ಆದರೆ ಅರ್ಧ ಪಿಎಚ್‌ಡಿಯನ್ನು ಹೊತ್ತುಕೊಂಡು ಅದರೊಳಗೆ ಹೋಗುವುದು ಸುಲಭ ಅಲ್ಲ. ಅಲ್ಲಿ ಹೊಸ ಲ್ಯಾಬ್, ಹೊಸ ವಿಷಯ, ಮೊದಲಿಂದ ಶುರು.

ಪಿಎಚ್‌ಡಿ ಬಿಟ್ಟ ದಿನವೇ ಸ್ಟೈಪೆಂಡ್ ನಿಲ್ಲುತ್ತದೆ, ಎಷ್ಟೋ ಕಡೆ ಆರೋಗ್ಯ ವಿಮೆಯೂ. ಮೇನಲ್ಲಿ ಬಿಟ್ಟು ಆಗಸ್ಟ್‌ನಲ್ಲಿ ಸೇರುವವರು ಆ ನಡುವಿನ ತಿಂಗಳುಗಳಿಗೆ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿ.

ಮಾಸ್ಟರ್ಸ್‌ನಲ್ಲಿ ತೆಗೆದ ಅಂಕ ಮೆಡಿಕಲ್ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ, ಆದರೆ ಬೇರೆ ಖಾನೆಯಲ್ಲಿ. ಆಮ್‌ಕ್ಯಾಸ್ ಬ್ಯಾಚುಲರ್ಸ್‌ನ ಜಿಪಿಎ (ಸರಾಸರಿ ಅಂಕ) ಒಂದು ಕಡೆ, ಗ್ರಾಜುಯೇಟ್ (ಅಂದರೆ ಮಾಸ್ಟರ್ಸ್, ಪಿಎಚ್‌ಡಿಯ) ಜಿಪಿಎ ಇನ್ನೊಂದು ಕಡೆ ತೋರಿಸುತ್ತದೆ. ಎರಡನ್ನೂ ಬೆರೆಸುವುದಿಲ್ಲ. ಹಾಗಾಗಿ "ಮಾಸ್ಟರ್ಸ್ ಮಾಡಿ ಹಳೆಯ 3.2 ಅನ್ನು ಮೇಲೆತ್ತುತ್ತೇನೆ" ಅನ್ನುವುದು ಆಗದ ಮಾತು. ಕೊನೆಯ ಸೆಮಿಸ್ಟರ್‌ನಲ್ಲಿ, ಸೀಟು ಸಿಕ್ಕಿತಲ್ಲ ಅಂತ ಕೈಬಿಟ್ಟು ಸಿ ತೆಗೆದರೆ ಅದೂ ಕಾಣುತ್ತದೆ. ಗ್ರಾಜುಯೇಟ್ ಕ್ಲಾಸ್‌ಗಳಲ್ಲಿ ಬಿ ಅಂದರೇ ಹುಬ್ಬೇರಿಸುತ್ತಾರೆ.

ಬಿಡುವುದು ಅಂತ ತೀರ್ಮಾನ ಆಯಿತು. ಅಡ್ವೈಸರ್‌ಗೆ ಹೇಳಿದರೆ ಸಾಕಾ?

ಸಾಕಾಗುವುದಿಲ್ಲ, ಈ ಪಾಠಕ್ಕೆ ನಾನು ದುಡ್ಡು ಕೊಟ್ಟಿದ್ದೇನೆ.

ಅಡ್ವೈಸರ್‌ಗೆ ಹೇಳಿದೆ. ವಿಭಾಗದ ಸೆಕ್ರೆಟರಿಗೆ ಹೇಳಿದೆ. ಇಬ್ಬರೂ ಅಪ್ಪಿಕೊಂಡು ಬೀಳ್ಕೊಟ್ಟರು. ಲ್ಯಾಬಿನವರು ಕೇಕ್ ಕತ್ತರಿಸಿದರು. ಇಷ್ಟಾದ ಮೇಲೆ ಬಿಟ್ಟ ಹಾಗೆಯೇ ಅಂತ ನಾನು ಅಂದುಕೊಂಡೆ. ಬೇಸಿಗೆಗೆ ಒಂದು ಥೀಸಿಸ್ ಕ್ರೆಡಿಟ್‌ಗೆ ಹೆಸರು ಹಚ್ಚಿದ್ದು ಹಾಗೇ ಉಳಿದಿತ್ತು. ಬಿಡುವ ಫಾರ್ಮ್ ತುಂಬಿ ರಿಜಿಸ್ಟ್ರಾರ್‌ಗೆ ಕೊಡಬೇಕು ಅಂತ ಯಾರೂ ಹೇಳಲಿಲ್ಲ, ನಾನೂ ಹುಡುಕಲಿಲ್ಲ.

ಅಕ್ಟೋಬರ್‌ನಲ್ಲಿ, ಅನಾಟಮಿ ಪರೀಕ್ಷೆಗೆ ಎರಡು ದಿನ ಇರುವಾಗ, ಹಳೆಯ ವಿಶ್ವವಿದ್ಯಾಲಯದಿಂದ ಬಿಲ್ ಬಂತು. ಒಂದು ಕ್ರೆಡಿಟ್ ಫೀಸು, ಅದರ ಮೇಲೆ ತಡವಾದ ದಂಡ. ಜೊತೆಗೆ ಆ ಕ್ರೆಡಿಟ್‌ಗೆ ಎಫ್. ಬಿಲ್ ಕಟ್ಟುವವರೆಗೆ ಟ್ರಾನ್ಸ್‌ಕ್ರಿಪ್ಟ್ ಕೊಡುವುದಿಲ್ಲ ಅಂದರು. ಮೆಡಿಕಲ್ ಸ್ಕೂಲಿನವರು ಇತ್ತ ಕೊನೆಯ ಟ್ರಾನ್ಸ್‌ಕ್ರಿಪ್ಟ್ ಎಲ್ಲಿ ಅಂತ ಕೇಳುತ್ತಿದ್ದರು. ಬಿಲ್ ಕಟ್ಟಿದೆ. ಎಫ್ ತೆಗೆಸುವುದಕ್ಕೆ ಮೂರು ಪತ್ರ, ಅಡ್ವೈಸರ್ ಸಹಿ, ನಾಲ್ಕು ತಿಂಗಳು ಹಿಡಿಯಿತು. ಎಫ್ ಹೋಗಿ ಡಬ್ಲ್ಯೂ (ಫೇಲ್ ಅಲ್ಲ, ಕೋರ್ಸ್ ಬಿಟ್ಟದ್ದು) ಆಯಿತು.

ಆದ್ದರಿಂದ: ಬಿಡುವ ಫಾರ್ಮ್ ರಿಜಿಸ್ಟ್ರಾರ್‌ಗೆ ಕೊಡಿ, ಅದು ಸೇರಿದ್ದಕ್ಕೆ ಇಮೇಲ್ ಇಟ್ಟುಕೊಳ್ಳಿ. ಮುಂದಿನ ಸೆಮಿಸ್ಟರ್‌ಗೆ ಹೆಸರು ಹಚ್ಚಿದ್ದರೆ ತೆಗೆಸಿ. ಅಪೂರ್ಣ ಅಂತ ಇರುವ ಗ್ರೇಡ್‌ಗಳು ಒಂದು ಗಡುವು ದಾಟಿದ ಮೇಲೆ ತಾವಾಗಿಯೇ ಎಫ್ ಆಗುವ ಕಡೆಗಳಿವೆ, ನೋಡಿಕೊಳ್ಳಿ. ವಾಪಸ್ ಬರುವ ಯೋಚನೆ ಸ್ವಲ್ಪವಾದರೂ ಇದ್ದರೆ ಪೂರ್ತಿ ಬಿಡುವ ಬದಲು ರಜೆ ಕೇಳಿ.

ಸಾಲದ ಕಥೆ ಏನು?

ಇದು ಸಿಟಿಜನ್‌ಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ. ಸೆಮಿಸ್ಟರ್‌ನ ಮಧ್ಯೆ ಬಿಡುವವರು ಒಂದು ಅಂಕಿ ನೆನಪಿಡಿ: 60 ಪರ್ಸೆಂಟ್. ಸೆಮಿಸ್ಟರ್‌ನ ಅಷ್ಟು ಭಾಗ ಮುಗಿಯುವ ಮೊದಲು ಬಿಟ್ಟರೆ ಸರ್ಕಾರಿ ಸಾಲದ ಒಂದು ಪಾಲು ವಾಪಸ್ ಹೋಗುತ್ತದೆ, ಕಾಲೇಜಿನ ಬಾಕಿ ನಿಮ್ಮ ತಲೆಗೆ ಬರುತ್ತದೆ. ಬಿಟ್ಟ ಮೇಲೆ ಸಾಲ ಕಟ್ಟುವುದಕ್ಕೆ ಆರು ತಿಂಗಳ ಅವಕಾಶ ಇರುತ್ತದೆ. ಅಷ್ಟರೊಳಗೆ ಮೆಡಿಕಲ್ ಶುರುವಾದರೆ ಕಂತು ಮುಂದಕ್ಕೆ ಹೋಗುತ್ತದೆ. ಬಡ್ಡಿ ಮಾತ್ರ ನಿಲ್ಲುವುದಿಲ್ಲ.

2025ರಲ್ಲಿ ಆದ ಕಾನೂನು ಲೆಕ್ಕವನ್ನು ಇನ್ನೂ ಬಿಗಿ ಮಾಡಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರ್ಯಾಡ್ ಪ್ಲಸ್ ಸಾಲ (ಮಾಸ್ಟರ್ಸ್, ಮೆಡಿಕಲ್ ಓದುವವರಿಗೆ ಸರ್ಕಾರ ಕೊಡುತ್ತಿದ್ದ ಹೆಚ್ಚುವರಿ ಸಾಲ) ಇಲ್ಲ. ಮಾಸ್ಟರ್ಸ್, ಪಿಎಚ್‌ಡಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000. ಮೆಡಿಕಲ್‌ನಂಥ ಕೋರ್ಸಿಗೆ ವರ್ಷಕ್ಕೆ 50,000, ಒಟ್ಟು 2,00,000. ಒಬ್ಬರ ಜೀವಮಾನಕ್ಕೆಲ್ಲ ಸೇರಿ 2,57,500. ಮೊದಲೇ ಸಾಲ ತೆಗೆದವರಿಗೆ ಹಳೆಯ ನಿಯಮ ಸ್ವಲ್ಪ ಕಾಲ ಮುಂದುವರಿಯುತ್ತದೆ, ಆದರೆ ಅದು ಆಗ ಓದುತ್ತಿದ್ದ ಕೋರ್ಸಿಗೆ ಮಾತ್ರ. ಮಾಸ್ಟರ್ಸ್ ಬಿಟ್ಟು ಮೆಡಿಕಲ್‌ಗೆ ಹೋದರೆ ಹೊಸ ನಿಯಮದೊಳಗೆ ಕಾಲಿಟ್ಟ ಹಾಗೆ. ಬ್ಯಾಚುಲರ್ಸ್‌ಗೆ, ಮಾಸ್ಟರ್ಸ್‌ಗೆ ತೆಗೆದದ್ದೂ ಜೀವಮಾನದ ಲೆಕ್ಕದಲ್ಲಿ ಕಳೆಯುತ್ತದೆ. ಇನ್ನೊಂದು ಸೆಮಿಸ್ಟರ್ ಸಾಲ ಮಾಡಿ ಡಿಗ್ರಿ ಮುಗಿಸುವ ಮೊದಲು ಈ ಲೆಕ್ಕ ಹಾಕಿ ನೋಡಿ. ಮುಗಿಸಿ ಅಂತ ಎಲ್ಲರಿಗೂ ಹೇಳುವ ನಾನೂ ಇಲ್ಲಿ ಒಂದು ಕ್ಷಣ ತಡೆಯುತ್ತೇನೆ.

ನಾನು ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದೇನೆ. ಬಿಟ್ಟರೆ ಏನಾಗುತ್ತದೆ?

ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿಗೆ ಹೋಗಿ, ಆಮೇಲೆ ಬೇರೆಲ್ಲ. ಡಿಗ್ರಿ ಮುಗಿಸಿದವರಿಗೆ ಇಲ್ಲಿ ಉಳಿಯಲು 60 ದಿನ ಸಿಗುತ್ತದೆ. ಆ ಆಫೀಸಿಗೆ ಹೇಳಿ, ಒಪ್ಪಿಗೆ ಪಡೆದು ಮಧ್ಯದಲ್ಲಿ ಬಿಟ್ಟವರಿಗೆ 15 ದಿನ. ಹೇಳದೆ ಬಿಟ್ಟವರಿಗೆ ಒಂದು ದಿನವೂ ಇಲ್ಲ. ಮೆಡಿಕಲ್ ಸ್ಕೂಲಿಗೆ ಸೆವಿಸ್ (ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ವ್ಯವಸ್ಥೆ) ದಾಖಲೆ ವರ್ಗ ಮಾಡಿಸುವುದಾದರೆ ಹೊಸ ತರಗತಿ ಐದು ತಿಂಗಳ ಒಳಗೆ ಶುರುವಾಗಬೇಕು. ಮೇನಲ್ಲಿ ಬಿಟ್ಟು ಆಗಸ್ಟ್‌ನಲ್ಲಿ ಸೇರಿದರೆ ಸರಿ, ಡಿಸೆಂಬರ್‌ನಲ್ಲಿ ಬಿಟ್ಟರೆ ಸರಿಹೋಗುವುದಿಲ್ಲ.

ನಮ್ಮವರಲ್ಲಿ ಇದು ಯಾರಿಗೆ ತಟ್ಟುತ್ತದೆ ಅಂದರೆ, ಚಿಕ್ಕವರಿದ್ದಾಗ ಅಪ್ಪ ಅಮ್ಮನ ಜೊತೆ ಎಚ್-4ನಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾದಲ್ಲಿ) ಬಂದು, ಗ್ರೀನ್ ಕಾರ್ಡ್ ಸಾಲಿನಲ್ಲಿ ಇರುವಾಗಲೇ 21 ತುಂಬಿ ಎಫ್-1ಗೆ ಬದಲಾದ ಮಕ್ಕಳಿಗೆ. ಮೂರನೇ ಕ್ಲಾಸಿನಿಂದ ಇಲ್ಲೇ ಓದಿದ್ದರೂ ಅರ್ಜಿಯಲ್ಲಿ ಅವರು ವಿದೇಶಿಯರು. ವಿದೇಶಿಯರನ್ನು ತೆಗೆದುಕೊಳ್ಳುವ ಮೆಡಿಕಲ್ ಸ್ಕೂಲ್‌ಗಳು ಮೊದಲೇ ಕಡಿಮೆ. ಅಂಥ ಸೀಟು ಸಿಕ್ಕಿದಾಗ ಒಂದು ಡಿಗ್ರಿಯ ಹೆಸರಲ್ಲಿ ಅದನ್ನು ಪಣಕ್ಕಿಡಬೇಡಿ. ಸಾಧ್ಯವಾದರೆ ಮುಗಿಸಿಯೇ ಹೊರಡಿ.

ಕೆನಡಾದಲ್ಲೂ ಹೀಗೇನಾ?

ಅಲ್ಲಿ ಇನ್ನೂ ಬಿಗಿ. ಟೊರೊಂಟೊ ವಿಶ್ವವಿದ್ಯಾಲಯದಂಥ ಕಡೆ ಗ್ರಾಜುಯೇಟ್ ವಿದ್ಯಾರ್ಥಿಗಳು ಥೀಸಿಸ್ ಸಮೇತ ಎಲ್ಲ ಮುಗಿಸಿಯೇ ಬರಬೇಕು.

ಮುಂದೆ ರೆಸಿಡೆನ್ಸಿಗೆ (ಎಂಡಿ ಆದಮೇಲಿನ ಆಸ್ಪತ್ರೆ ತರಬೇತಿಗೆ) ಇದನ್ನು ಕೇಳುತ್ತಾರಾ?

ನನ್ನನ್ನು ಹತ್ತು ಇಂಟರ್‌ವ್ಯೂಗಳಲ್ಲಿ ಇಬ್ಬರು ಕೇಳಿದರು. "ಥೀಸಿಸ್ ಬಾಕಿ ಇತ್ತು, ಮೆಡಿಕಲ್ ಸಿಕ್ಕಿತು, ಸ್ಕೂಲಿನವರ ಒಪ್ಪಿಗೆ ಪಡೆದು ಬಿಟ್ಟೆ" ಅಂದೆ. ಒಬ್ಬರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಇನ್ನೊಬ್ಬರು ತಾವೂ ಒಂದು ಪಿಎಚ್‌ಡಿ ಬಿಟ್ಟ ಕಥೆ ಹೇಳುತ್ತಾ ನನ್ನ ಸಮಯವನ್ನೆಲ್ಲ ತಿಂದರು. ಹೇಳುವಾಗ ಲ್ಯಾಬನ್ನೋ ಅಡ್ವೈಸರನ್ನೋ ಬೈಯಬೇಡಿ, ಅಷ್ಟೇ.

ಊರಲ್ಲಿ ಏನು ಹೇಳಲಿ?

ಊರಿನವರಿಗೆ ಮೊದಲು ಗೊಂದಲವೇ ಬೇರೆ. ಅಲ್ಲಿ ಪಿಯುಸಿ ಆದಮೇಲೆ ನೀಟ್ ಬರೆದು ನೇರ ಎಂಬಿಬಿಎಸ್, ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇಲ್ಲಿ ನಾಲ್ಕು ವರ್ಷ ಬ್ಯಾಚುಲರ್ಸ್ ಆದಮೇಲೆ ನಾಲ್ಕು ವರ್ಷ ಎಂಡಿ. ನಡುವೆ ಮಾಸ್ಟರ್ಸ್ ಅಂದರೆ ಅವರಿಗೆ ಅದು ಯಾಕೆ ಬಂತು ಅನ್ನುವುದೇ ಅರ್ಥವಾಗುವುದಿಲ್ಲ. ಆದರೆ "ಬಿಟ್ಟೆ" ಅನ್ನುವುದು ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ.

ಶಿವಮೊಗ್ಗದ ದೊಡ್ಡಮ್ಮ ಫೋನಲ್ಲಿ, "ಏನೇ, ಓದು ಅರ್ಧಕ್ಕೇ ಬಿಟ್ಟೆಯಂತೆ? ಏನಾಯ್ತೇ?" ಅಂದರು.

"ಇಲ್ಲ ದೊಡ್ಡಮ್ಮ, ಡಾಕ್ಟರ್ ಓದೋಕೆ ಸೀಟು ಸಿಕ್ಕಿದೆ."

"ಅದು ಸರಿ, ಇದನ್ನ್ಯಾಕೆ ಬಿಟ್ಟೆ?"

ಇದಕ್ಕೆ ಉತ್ತರ ಇವತ್ತಿಗೂ ಅವರಿಗೆ ಒಪ್ಪಿಗೆಯಾಗಿಲ್ಲ. ನನ್ನ ಮದುವೆಯ ಕರೆಯೋಲೆಯಲ್ಲಿ ಹೆಸರಿನ ಮುಂದೆ ಎಂಎಸ್ಸಿ ಅಂತ ಹಾಕಿಸಲಾ ಅಂತ ಕೇಳಿದ್ದರು. ಬೇಡ ಅಂದೆ. ಮುಗಿಸದ ಡಿಗ್ರಿಯನ್ನು ಹೆಸರಿನ ಜೊತೆ ಹಾಕಬಾರದು, ರೆಸ್ಯೂಮೆಯಲ್ಲೂ ಅಷ್ಟೇ. "ಇಷ್ಟು ಕ್ರೆಡಿಟ್ ಓದಿದೆ, ಡಿಗ್ರಿ ಪಡೆದಿಲ್ಲ" ಅಂತ ಬರೆಯಬಹುದು.

ಅಡ್ವೈಸರ್‌ಗೆ ಮೋಸ ಮಾಡಿದ ಹಾಗಾಗುತ್ತದಾ? ಲ್ಯಾಬ್ ಬಿಡುವ ಮುಂಚೆ ಏನೇನು ಮಾಡಬೇಕು?

ಅವರು ನಿಮ್ಮ ಮೇಲೆ ಎರಡು ವರ್ಷ ಸಮಯ ಹಾಕಿದ್ದಾರೆ, ಗ್ರಾಂಟಿನ ದುಡ್ಡು ಹಾಕಿದ್ದಾರೆ. ಬೇಸರ ಆಗಿಯೇ ಆಗುತ್ತದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನೀವೇ ಹೋಗಿ, ಬಾಗಿಲು ಹಾಕಿಕೊಂಡು ಹೇಳಿ. ನನ್ನ ಅಡ್ವೈಸರ್ ಒಂದು ನಿಮಿಷ ಸುಮ್ಮನಿದ್ದು, "ಫ್ರೀಜರ್ ಯಾರು ನೋಡ್ಕೋತಾರೆ?" ಅಂದರು.

ಅದೇ ನಿಜವಾದ ಪ್ರಶ್ನೆಯಾಗಿತ್ತು. ಮೈನಸ್ ಎಂಬತ್ತರ ಫ್ರೀಜರ್‌ನಲ್ಲಿ ನನ್ನ ಹನ್ನೊಂದು ಡಬ್ಬಿ ಇದ್ದವು. ಒಂದೊಂದರಲ್ಲಿ 81 ಪುಟ್ಟ ಟ್ಯೂಬ್, ಮುಚ್ಚಳದ ಮೇಲೆ ನನ್ನ ಕೋಳಿಕಾಲು ಅಕ್ಷರ. ಕೆಲವದರ ಮೇಲೆ ಬರೀ "ಸೋಮವಾರದ್ದು" ಅಂತ ಇತ್ತು. ಯಾವ ಸೋಮವಾರ? ಕೊನೆಯ ಎರಡು ವಾರ ನಾನು ಮಾಡಿದ್ದು ಇದೊಂದೇ ಕೆಲಸ. ಡ್ರೈ ಐಸ್ ಮೇಲೆ ಡಬ್ಬಿ ಇಟ್ಟುಕೊಂಡು, ಎರಡೆರಡು ಗ್ಲೌಸ್ ಹಾಕಿ, ನೋಟ್‌ಬುಕ್‌ನ ದಿನಾಂಕಕ್ಕೆ ತಾಳೆ ನೋಡಿ, ಒಂದೊಂದು ಟ್ಯೂಬಿಗೂ ಹೊಸ ಲೇಬಲ್. ಜೊತೆಗೆ ಒಂದು ಎಕ್ಸೆಲ್ ಹಾಳೆ. ಬೆರಳು ಮರಗಟ್ಟುತ್ತಿದ್ದವು. ಹೊಸದಾಗಿ ಬಂದ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವುದು ಬೇಕು, ಯಾವುದು ಎಸೆಯಬಹುದು ಅಂತ ಹೇಳಿಕೊಟ್ಟೆ.

ಮೆಡಿಕಲ್ ಎರಡನೇ ವರ್ಷದಲ್ಲಿದ್ದಾಗ ಅವಳ ಮೆಸೇಜ್ ಬಂತು. ಏಳನೇ ಡಬ್ಬಿಯ ನಾಲ್ಕನೇ ಸಾಲಿನ ಟ್ಯೂಬ್‌ಗಳು ಹಾಳೆಯಲ್ಲಿಲ್ಲ, ಏನವು ಅಂತ. ಲೈಬ್ರರಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ನೆನಪಾಯಿತು: ಹಾಳಾದ ಆ ಇಲಿಗಳ ಗುಂಪಿನವು. ಎಸೆದುಬಿಡು ಅಂತ ಬರೆದೆ.